ಹಾ ಲಾಂಗ್ ಕೊಲ್ಲಿ: ಹಗಲಿನಲ್ಲಿ ನೋಡಿ ಬಂದರೆ ಸಾಕೇ, ರಾತ್ರಿ ಹಡಗಿನಲ್ಲಿ ಉಳಿಯಬೇಕೇ?

ಓದುಗರ ಪ್ರಶ್ನೆ: ಡಿಸೆಂಬರಿನಲ್ಲಿ ನಾನು, ನನ್ನ ಪತಿ, ಅತ್ತೆ ಮತ್ತು ಮಾವನವರು ವಿಯೆಟ್ನಾಮಿಗೆ ಹೊರಟಿದ್ದೇವೆ. ಹನೋಯಿಯಿಂದ ಬೆಳಿಗ್ಗೆ ಹೊರಟು ಹಾ ಲಾಂಗ್ ಕೊಲ್ಲಿಯನ್ನು ನೋಡಿಕೊಂಡು ರಾತ್ರಿಗೆ ಮರಳಬಹುದು ಎಂದು ಕೆಲವರು ಹೇಳುತ್ತಾರೆ. ಹಡಗಿನಲ್ಲೇ ರಾತ್ರಿ ಉಳಿದರೆ ಖರ್ಚು ಹಲವು ಪಟ್ಟು ಹೆಚ್ಚಾಗುತ್ತದೆ. ಅಷ್ಟು ಕೊಡುವುದರಲ್ಲಿ ಅರ್ಥವಿದೆಯೇ? ಅತ್ತೆ ಶುದ್ಧ ಸಸ್ಯಾಹಾರಿ. ಮಾವನವರಿಗೆ ಮೊಣಕಾಲು ನೋವು.

ಉತ್ತರ: ಉಳಿಯಿರಿ. ಒಂದು ರಾತ್ರಿ ಸಾಕು. ಆದರೆ ಯಾವ ಹಡಗು ಎಂದು ಹುಡುಕಲು ಕೂರುವ ಮೊದಲು, ಅದು ಯಾವ ಕೊಲ್ಲಿಯಲ್ಲಿ ಸಾಗುತ್ತದೆ ಎಂಬುದನ್ನು ತೀರ್ಮಾನಿಸಿ. ಜನ ಕೋಣೆಯ ಚಿತ್ರ, ಸ್ನಾನದ ತೊಟ್ಟಿಯ ಚಿತ್ರ ನೋಡಿ ಹಣ ಕಟ್ಟಿಬಿಡುತ್ತಾರೆ. ಹಡಗು ಎಲ್ಲಿಗೆ ಹೋಗುತ್ತದೆ, ರಾತ್ರಿ ಎಲ್ಲಿ ಲಂಗರು ಹಾಕುತ್ತದೆ ಎಂದು ಕೇಳುವುದೇ ಇಲ್ಲ. ಅದನ್ನು ಕೇಳದೆ ಕೊಟ್ಟ ಹಣ ದಂಡವಾಗುವ ಸಾಧ್ಯತೆ ಹೆಚ್ಚು.

ಮೊದಲು ಒಂದು ದಿನದ ಪ್ರವಾಸದ ಲೆಕ್ಕ ನೋಡೋಣ. ಹನೋಯಿಯಿಂದ, ಕೊಲ್ಲಿಯ ದೋಣಿಗಳು ಹೊರಡುವ ತುವಾನ್ ಚೌ ಧಕ್ಕೆಗೆ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಹೈ ಫಾಂಗ್ ಮಾರ್ಗದ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಪ್ರಯಾಣ ಎರಡೂವರೆ ಗಂಟೆಗೆ ಇಳಿದಿದೆ. ಮೊದಲು ನಾಲ್ಕು ಗಂಟೆ ಹಿಡಿಯುತ್ತಿತ್ತು. ಆದರೂ ಹೋಗಿ ಬರುವುದಕ್ಕೆ ಐದು ಗಂಟೆ ಬಸ್ಸಿನಲ್ಲೇ ಕಳೆಯುತ್ತದೆ. ನೀರಿನ ಮೇಲೆ ಸಿಗುವುದು ನಾಲ್ಕೈದು ಗಂಟೆ, ಊಟದ ಹೊತ್ತೂ ಅದರಲ್ಲೇ ಸೇರಿದೆ. ಹನೋಯಿಯ ಬಸ್ಸುಗಳೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೊರಡುವುದರಿಂದ ದೋಣಿಗಳೂ ಒಂದೇ ಹೊತ್ತಿಗೆ ಧಕ್ಕೆ ಬಿಡುತ್ತವೆ, ಅದೇ ಒಂದೆರಡು ಗುಹೆಗಳ ಬಾಗಿಲಿಗೆ ಒಟ್ಟಿಗೇ ಬಂದು ನಿಲ್ಲುತ್ತವೆ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಸಂಜೆ ಐದೂಕಾಲರ ಆಸುಪಾಸಿನಲ್ಲಿ. ಬಂಡೆಗಳ ಮೇಲೆ ಓರೆ ಬಿಸಿಲು ಬಿದ್ದು ಒಂದೊಂದು ದ್ವೀಪವೂ ಬೇರೆ ಬೇರೆಯಾಗಿ ಎದ್ದು ಕಾಣುವ ಹೊತ್ತಿಗೆ ಹಗಲಿನ ಪ್ರವಾಸಿಗರು ಮರಳಿ ಬಸ್ಸು ಹತ್ತುತ್ತಿರುತ್ತಾರೆ.

ಬೆಳಕಿಗಿಂತ ದೊಡ್ಡ ಕಾರಣ ಇನ್ನೊಂದಿದೆ: ಉಬ್ಬರ ಇಳಿತ. ಇದನ್ನು ಪ್ರವಾಸದ ಜಾಹೀರಾತುಗಳು ಹೇಳುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸರ್ಕಾರಿ ಲೆಕ್ಕದಲ್ಲಿ ಹಾ ಲಾಂಗ್ ಕೊಲ್ಲಿಯ ದ್ವೀಪಗಳು 1,969. ಕೊಲ್ಲಿಯ ವಿಸ್ತಾರ 1,553 ಚದರ ಕಿಲೋಮೀಟರ್. ಈ ದ್ವೀಪಗಳೆಲ್ಲ ಹಿಂದೆ ನೆಲದ ಮೇಲಿನ ಬೆಟ್ಟಗಳಾಗಿದ್ದವು. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂಡಿದ ಸುಣ್ಣಕಲ್ಲು ಮೇಲಕ್ಕೆದ್ದಿತು. ಗಾಳಿಯಲ್ಲಿನ ಮತ್ತು ಮಣ್ಣಿನಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಸ್ವಲ್ಪವೇ ಆಮ್ಲವಾದ ಮಳೆನೀರು ಅದರ ಬಿರುಕುಗಳನ್ನು ಕರಗಿಸುತ್ತ ಕಣಿವೆಗಳನ್ನು ಅಗಲಿಸಿತು, ಬೆಟ್ಟಗಳನ್ನು ಕಂಬಗಳಂತೆ ಕಡಿಯಿತು, ಒಳಗೆ ಗುಹೆಗಳನ್ನು ಕೊರೆಯಿತು. ಕುಮಟಾ ಬಳಿಯ ಯಾಣದ ಶಿಖರಗಳ ಕೆಳಗೆ ನಿಂತವರಿಗೆ ಬಂಡೆ ಹಾಗೆ ನೆಟ್ಟಗೆ ನಿಲ್ಲುವ ಪರಿ ಗೊತ್ತಿರುತ್ತದೆ. ಅಂಥವು ಸಾವಿರಾರು, ಅವುಗಳ ಕಾಲು ನೀರಿನಲ್ಲಿ ಮುಳುಗಿದೆ ಎಂದು ಊಹಿಸಿಕೊಳ್ಳಿ. ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ, ಹಿಮಯುಗದ ಉತ್ತುಂಗದಲ್ಲಿ, ಸಮುದ್ರ ಈಗಿನದಕ್ಕಿಂತ ನೂರು ಮೀಟರಿಗೂ ಹೆಚ್ಚು ಕೆಳಗಿತ್ತು. ಈಗ ಹಡಗು ತೇಲುವ ಜಾಗ ಆಗ ಒಣ ಕಣಿವೆ. ಹಿಮ ಕರಗಿ ಸಮುದ್ರ ಏರಿದಾಗ ಕಣಿವೆಗಳು ತುಂಬಿದವು, ಶಿಖರಗಳು ದ್ವೀಪಗಳಾದವು.

ಈ ಭಾಗದ ಸಮುದ್ರಕ್ಕೆ ಒಂದು ವಿಶೇಷ ಗುಣವಿದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಉತ್ತರ ವಿಯೆಟ್ನಾಮಿನ ಈ ಕಡಲಿನಲ್ಲಿ ಸಾಮಾನ್ಯವಾಗಿ ದಿನಕ್ಕೆ ಒಂದೇ ಉಬ್ಬರ, ಒಂದೇ ಇಳಿತ. ವ್ಯತ್ಯಾಸ ಹೆಚ್ಚಿರುವ ದಿನಗಳಲ್ಲಿ ನೀರಿನ ಮಟ್ಟ ಮೂರು ಮೀಟರಿಗೂ ಮಿಕ್ಕಿ ಏರಿಳಿಯುತ್ತದೆ. ಅಂದರೆ ನಾಲ್ಕೈದು ಗಂಟೆ ಮಾತ್ರ ಇದ್ದವರು ಕೊಲ್ಲಿಯ ಒಂದು ಮುಖವನ್ನಷ್ಟೇ ನೋಡುತ್ತಾರೆ. ರಾತ್ರಿ ಉಳಿದವರು ಬೆಳಿಗ್ಗೆ ಎದ್ದಾಗ, ಹಿಂದಿನ ಸಂಜೆ ನೀರಿನಡಿ ಇದ್ದ ಬಂಡೆಯ ಬುಡ ಹೊರಗೆ ಬಂದಿರುವುದನ್ನು ಕಾಣಬಹುದು. ಸಮುದ್ರ ಒಳಮುಖವಾಗಿ ತಿಂದು ಹಾಕಿದ ಕಚ್ಚು, ಅದಕ್ಕೆ ಅಂಟಿಕೊಂಡ ಸಿಂಪಿಗಳು, ಮೇಲೆ ಚಾಚಿಕೊಂಡ ಬಂಡೆ, ಎಲ್ಲವೂ ಆಗ ಸ್ಪಷ್ಟ. ಲುವಾನ್ ಗುಹೆಯಂಥ ಕಡೆ ಕಯಾಕ್ (ಹುಟ್ಟು ಹಾಕಿ ನಡೆಸುವ ಪುಟ್ಟ ದೋಣಿ) ನುಸುಳುವ ಕಮಾನು ನೀರಿನಿಂದ ಮೂರ್ನಾಲ್ಕು ಮೀಟರಷ್ಟೇ ಎತ್ತರ. ಅದರಾಚೆ ಸುತ್ತಲೂ ಬಂಡೆ ಗೋಡೆಗಳಿಂದ ಮುಚ್ಚಿದ ಕೊಳ. ನೀರು ಏರಿದಾಗ ಒಳಗೆ ಹೋಗುವುದೇ ಬೇರೆ ಅನುಭವ, ಇಳಿದಾಗ ಹೋಗುವುದೇ ಬೇರೆ. ಒಂದು ರಾತ್ರಿಗೆ ಕೊಡುವ ಹಣಕ್ಕೆ ನಿಜವಾಗಿ ಸಿಗುವುದು ಇದು. ಸ್ಪ್ರಿಂಗ್ ರೋಲ್ ಸುತ್ತುವುದನ್ನು ಕಲಿಸುವುದು, ದೀಪ ಹಾಕಿ ಬೊಂಡಾಸ್ (ಸ್ಕ್ವಿಡ್) ಹಿಡಿಸುವುದು, ಮುಂಜಾನೆ ಡೆಕ್ಕಿನ ಮೇಲಿನ ತಾಯ್ ಚಿ ಎಲ್ಲ ಹಡಗುಗಳಲ್ಲೂ ಇರುತ್ತವೆ. ಅವುಗಳನ್ನು ನೋಡಿ ಹಡಗು ಆರಿಸಬೇಡಿ.

ಈಗ ಮುಖ್ಯ ವಿಷಯ: ಯಾವ ಕೊಲ್ಲಿ. ‘ಹಾ ಲಾಂಗ್ ಕ್ರೂಸ್’ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಜಲಪ್ರದೇಶಗಳನ್ನು ಮಾರುತ್ತಾರೆ. ನಡುವಿನದು ಮೂಲ ಹಾ ಲಾಂಗ್ ಕೊಲ್ಲಿ. 1994ರಲ್ಲಿ ಸೌಂದರ್ಯಕ್ಕಾಗಿ, 2000ರಲ್ಲಿ ಭೂವಿಜ್ಞಾನದ ಮಹತ್ವಕ್ಕಾಗಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಇದೇ. ದೊಡ್ಡ ಗುಹೆ ಸುಂಗ್ ಸೋಟ್ ಇಲ್ಲಿದೆ. ಮೆಟ್ಟಿಲು ಹತ್ತಿ ಇಡೀ ಕೊಲ್ಲಿಯನ್ನು ನೋಡಬಹುದಾದ ಟಿ ಟಾಪ್ ದ್ವೀಪವೂ ಇಲ್ಲಿದೆ. 1962ರಲ್ಲಿ ಹೊ ಚಿ ಮಿನ್ ಜೊತೆ ಇಲ್ಲಿಗೆ ಬಂದ ಸೋವಿಯತ್ ಗಗನಯಾತ್ರಿ ಗೆರ್ಮನ್ ಟಿಟೋವ್ ಅವರ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಜನಜಂಗುಳಿಯೂ ಇಲ್ಲಿಯೇ ಹೆಚ್ಚು.

ದಕ್ಷಿಣಕ್ಕೆ ಲಾನ್ ಹಾ. ಇದು ಹೈ ಫಾಂಗ್ ನಗರಕ್ಕೆ ಸೇರಿದ್ದು, ಕಾಟ್ ಬಾ ದ್ವೀಪದ ಮಗ್ಗುಲಲ್ಲಿದೆ. 2023ರಲ್ಲಿ ಯುನೆಸ್ಕೋ ತಾಣವನ್ನು ವಿಸ್ತರಿಸಿ ಕಾಟ್ ಬಾ ದ್ವೀಪಸಮೂಹವನ್ನೂ ಸೇರಿಸಿದರು. ಪುಟ್ಟ ಮರಳ ದಂಡೆಗಳು, ಕಯಾಕ್ ಹುಟ್ಟು ಹಾಕಿಕೊಂಡು ದಾಟಬಹುದಾದ ‘ಕತ್ತಲು-ಬೆಳಕು’ ಎಂಬ ಸುರಂಗದಂಥ ಗುಹೆ ಇವು ಇಲ್ಲಿನ ಆಕರ್ಷಣೆ. ಕಾಟ್ ಬಾ ದ್ವೀಪದ ಬಂಡೆಗಳಲ್ಲಿ ಬಂಗಾರದ ತಲೆಯ ಒಂದು ಜಾತಿಯ ಲಂಗೂರ್ ಇದೆ. ಜಗತ್ತಿನಲ್ಲಿ ಬೇರೆಲ್ಲೂ ಅದು ಇಲ್ಲ, ಉಳಿದಿರುವುದು ನೂರಕ್ಕೂ ಕಡಿಮೆ. ಅದನ್ನು ತೋರಿಸುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ದೋಣಿಗಳು ಹತ್ತಿರ ಹೋಗದಿರುವುದೇ ಆ ಪ್ರಾಣಿಗೆ ನಾವು ಮಾಡಬಹುದಾದ ಉಪಕಾರ.

ಈಶಾನ್ಯಕ್ಕೆ ಬಾಯ್ ತು ಲಾಂಗ್. ದ್ವೀಪಗಳು ಇಲ್ಲಿ ಸ್ವಲ್ಪ ದೂರ ದೂರ, ದೋಣಿಗಳು ಕಡಿಮೆ. ನಿಮ್ಮ ಕುಟುಂಬಕ್ಕೆ ನಾನು ಸೂಚಿಸುವುದು ಇದನ್ನೇ. ಮಾವನವರ ಮೊಣಕಾಲು ಅದಕ್ಕೆ ಮೊದಲ ಕಾರಣ. ಟಿ ಟಾಪಿನಲ್ಲಿ ನಾನೂರರಷ್ಟು ಮೆಟ್ಟಿಲುಗಳಿವೆ. ಸುಂಗ್ ಸೋಟ್ ಗುಹೆ ಸಮುದ್ರ ಮಟ್ಟಕ್ಕಿಂತ ಸುಮಾರು 25 ಮೀಟರ್ ಮೇಲಿದೆ. ಹತ್ತಿ, ಒಳಗೆ ಅರ್ಧ ಕಿಲೋಮೀಟರಿನಷ್ಟು ಏರಿಳಿತದ ತೇವದ ದಾರಿಯಲ್ಲಿ ನಡೆದು, ಇನ್ನೊಂದು ಕಡೆ ಇಳಿಯಬೇಕು. ಹಿಂದಿನಿಂದ ಜನ ಬರುತ್ತಲೇ ಇರುವುದರಿಂದ ನಿಧಾನವಾಗಿ ನಡೆಯುವವರಿಗೆ ಸಂಕೋಚವಾಗುತ್ತದೆ. ಬಾಯ್ ತು ಲಾಂಗಿನಲ್ಲಿ ವುಂಗ್ ವಿಯೆಂಗ್ ಎಂಬ ತೇಲುವ ಮೀನುಗಾರರ ಹಳ್ಳಿಯಿದೆ. ಅಲ್ಲಿ ಬಿದಿರಿನ ದೋಣಿಯಲ್ಲಿ ಕೂರಿಸಿ, ಸ್ಥಳೀಯರು ಹುಟ್ಟು ಹಾಕುತ್ತ ಬಂಡೆಗಳ ನಡುವೆ ಸುತ್ತಿಸುತ್ತಾರೆ. ಹಿರಿಯರು ಕುಳಿತಲ್ಲೇ ಎಲ್ಲವನ್ನೂ ನೋಡಬಹುದು.

ಆ ಹುಟ್ಟು ಹಾಕುವವರ ಬಗ್ಗೆ ಒಂದು ವಿಷಯ ತಿಳಿದು ಹೋಗಿ. ಈ ಕೊಲ್ಲಿಯ ತೇಲುವ ಮನೆಗಳಲ್ಲಿ ತಲೆಮಾರುಗಳಿಂದ ಬಾಳಿದ ನೂರಾರು ಕುಟುಂಬಗಳನ್ನು 2014ರಲ್ಲಿ ದಡದ ಮೇಲಿನ ಹೊಸ ಬಡಾವಣೆಗೆ ಸ್ಥಳಾಂತರಿಸಿದರು. ಮಕ್ಕಳ ಶಾಲೆ, ಚಂಡಮಾರುತದ ಭಯ, ನೀರಿನ ಮಾಲಿನ್ಯ ಇವೆಲ್ಲ ಅದರ ಹಿಂದಿನ ಕಾರಣಗಳು. ಆದರೆ ಮೀನು ಹಿಡಿಯುವುದೊಂದೇ ಬಲ್ಲವರಿಗೆ ದಡದ ಬದುಕು ಸುಲಭವಾಗಿರಲಿಲ್ಲ. ಹಲವರು ಪ್ರವಾಸಿಗರ ದೋಣಿ ನಡೆಸಲೆಂದು ಮತ್ತೆ ನೀರಿಗೇ ಬಂದರು. ಆದ್ದರಿಂದ ಹಳ್ಳಿಯನ್ನು ಪ್ರದರ್ಶನದ ವಸ್ತುವಿನಂತೆ ನೋಡಬೇಡಿ, ಕೇಳದೆ ಫೋಟೊ ತೆಗೆಯಬೇಡಿ. ದೋಣಿ ಇಳಿಯುವಾಗ ಹುಟ್ಟು ಹಾಕಿದವರ ಕೈಗೇ ನೇರವಾಗಿ ಒಂದಿಷ್ಟು ಹಣ ಕೊಡಿ. ಹಡಗಿನವರು ನೀವು ಕಟ್ಟಿದ್ದರಲ್ಲಿ ಎಲ್ಲವೂ ಸೇರಿದೆ ಎಂದರೂ ಕೊಡಿ.

ಸುಂಗ್ ಸೋಟ್ ನೋಡಲೇಬೇಕೆಂದು ನಿಮ್ಮ ಪತಿಗೆ ಆಸೆಯಿದ್ದರೆ ನಡುವಿನ ಕೊಲ್ಲಿಯನ್ನೇ ಆರಿಸಬಹುದು. ಆಗ ಹಡಗಿನವರನ್ನು ಕೇಳಬೇಕಾದ್ದು ಒಂದೇ: ಗುಹೆಗೆ ಕರೆದೊಯ್ಯುವುದು ಮೊದಲ ಮಧ್ಯಾಹ್ನವೋ, ಎರಡನೆಯ ದಿನದ ಬೆಳಿಗ್ಗೆಯೋ? ಬೆಳಿಗ್ಗೆ ಬೇಗ ಹೋಗುವ ಹಡಗಾದರೆ ಹನೋಯಿಯ ಬಸ್ಸುಗಳು ಇನ್ನೂ ದಾರಿಯಲ್ಲಿರುವಾಗಲೇ ನೀವು ಗುಹೆಯೊಳಗಿರುತ್ತೀರಿ. ಮಾವನವರು ಡೆಕ್ಕಿನ ಮೇಲೆ ಕಾಫಿ ಕುಡಿಯುತ್ತ ಕೂರಲಿ; ಗುಹೆಗೆ ಹೋಗದಿದ್ದರೆ ಪ್ರವಾಸ ಅಪೂರ್ಣ ಎಂದು ಅವರನ್ನು ಒತ್ತಾಯಿಸಬೇಡಿ.

ಸುರಕ್ಷತೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಬರೆಯಲೇಬೇಕು. 2011ರ ಫೆಬ್ರುವರಿಯಲ್ಲಿ ಟಿ ಟಾಪ್ ಬಳಿ ಲಂಗರು ಹಾಕಿದ್ದ ಒಂದು ಪ್ರವಾಸಿ ದೋಣಿ ನಸುಕಿನಲ್ಲಿ ಮುಳುಗಿ, ಒಳಗೆ ಮಲಗಿದ್ದ ಹನ್ನೆರಡು ಮಂದಿ ಸತ್ತರು. 2024ರ ಸೆಪ್ಟೆಂಬರಿನಲ್ಲಿ ಯಾಗಿ ಚಂಡಮಾರುತ ಈ ತೀರವನ್ನು ಅಪ್ಪಳಿಸಿ ಹಲವು ದೋಣಿಗಳನ್ನು ಮುಳುಗಿಸಿತು. 2025ರ ಜುಲೈ 19ರಂದು ಹಠಾತ್ತನೆ ಎದ್ದ ಬಿರುಗಾಳಿ ಮಳೆಗೆ ಹಗಲಿನ ಪ್ರವಾಸದ ದೋಣಿಯೊಂದು ಮಗುಚಿ ಮೂವತ್ತೈದಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಹೆದರಿಸಲು ಇದನ್ನು ಹೇಳುತ್ತಿಲ್ಲ. ದ್ವೀಪಗಳು ಅಲೆಗಳನ್ನು ತಡೆಯುವುದರಿಂದ ಕೊಲ್ಲಿಯ ನೀರು ಬಹುತೇಕ ದಿನ ಕೆರೆಯಷ್ಟು ಶಾಂತ. ವಾಂತಿಯ ಭಯವೂ ಕಡಿಮೆ. ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಚಂಡಮಾರುತದ ಕಾಲ. ಡಿಸೆಂಬರ್ ಆ ಕಾಲದಿಂದ ಹೊರಗಿದೆ, ಆಕಾಶ ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ಚಳಿ ಮಾತ್ರ ಖಂಡಿತ. ಹಿರಿಯರಿಗೆ ಸ್ವೆಟರ್, ಕಿವಿ ಮುಚ್ಚುವ ಟೋಪಿ ಇಟ್ಟುಕೊಳ್ಳಿ. ಉಕ್ಕಿನ ಒಡಲಿನ ಹಡಗು ಸಿಕ್ಕರೆ ಅದನ್ನೇ ಆರಿಸಿ. ಹತ್ತಿದ ಕೂಡಲೇ ಲೈಫ್ ಜಾಕೆಟ್ ಕೋಣೆಯಲ್ಲಿ ಎಲ್ಲಿದೆ, ತುರ್ತು ಬಾಗಿಲು ಯಾವ ಕಡೆ ಎಂದು ನಾಲ್ವರೂ ನೋಡಿಕೊಳ್ಳಿ. ಗಾಳಿ ಜೋರಾಗಿದೆ, ದೋಣಿ ಬಿಡಬಾರದು ಎಂದು ಬಂದರಿನ ಅಧಿಕಾರಿಗಳು ಹೇಳಿದರೆ ಯಾರೊಂದಿಗೂ ವಾದಿಸಬೇಡಿ.

ಖರ್ಚಿನ ವಿಚಾರದಲ್ಲಿ ಹೇಳುವುದು ಸ್ವಲ್ಪವೇ. ತೀರಾ ಅಗ್ಗದ್ದನ್ನೂ ಬಿಡಿ, ಬಾಲ್ಕನಿಯಲ್ಲಿ ಸ್ನಾನದ ತೊಟ್ಟಿ ಇರುವ ಐಷಾರಾಮಿಯನ್ನೂ ಬಿಡಿ. ನಡುವಿನ ದರ್ಜೆ ಸಾಕು. ಜನರೇಟರ್ ಸದ್ದು ಹಿಂಬದಿಯ ಕೆಳಗಿನ ಕೋಣೆಗಳಿಗೆ ಹೆಚ್ಚು ಕೇಳುವುದರಿಂದ ಮುಂಭಾಗದ ಕೋಣೆ ಕೇಳಿ. ಹಡಗಿನ ಒಳಗಿನ ಮೆಟ್ಟಿಲುಗಳು ಕಡಿದಾಗಿರುತ್ತವೆ; ಊಟದ ಸಾಲೆ ಇರುವ ಅಂತಸ್ತಿನಲ್ಲೇ ಅತ್ತೆ ಮಾವನವರಿಗೆ ಕೋಣೆ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಅತ್ತೆಯವರ ಊಟಕ್ಕೆ ತಯಾರಿ ಬೇಕು. ವಿಯೆಟ್ನಾಮಿನ ಅಡುಗೆಯಲ್ಲಿ ನುವೊಕ್ ಮಾಮ್ ಎಂಬ ಮೀನಿನ ರಸವನ್ನು ಉಪ್ಪಿನ ಬದಲಿಗೆ ಬಳಸುತ್ತಾರೆ. ತರಕಾರಿ ಪಲ್ಯಕ್ಕೂ ಅದು ಬಿದ್ದಿರಬಹುದು. ‘ಮಾಂಸ ಬೇಡ’ ಎಂದರೆ ಸಾಲದು. ಬೌದ್ಧರ ಸಸ್ಯಾಹಾರಕ್ಕೆ ಅಲ್ಲಿ ‘ಆನ್ ಚಾಯ್’ ಎನ್ನುತ್ತಾರೆ. ಬುಕ್ ಮಾಡುವಾಗಲೇ ಆ ಮಾತನ್ನು ಬಳಸಿ, ಮೀನಿನ ರಸ, ಮೊಟ್ಟೆ, ಸಿಗಡಿ ಯಾವುದೂ ಬೇಡ ಎಂದು ಬರಹದಲ್ಲಿ ತಿಳಿಸಿ, ಹತ್ತಿದ ಮೇಲೆ ಅಡುಗೆಯವರಿಗೆ ಇನ್ನೊಮ್ಮೆ ಹೇಳಿಸಿ. ತೋಫು, ಅಣಬೆ, ಅನ್ನ, ಹಣ್ಣು ಧಾರಾಳವಾಗಿ ಸಿಗುತ್ತವೆ. ಚಟ್ನಿಪುಡಿ, ಅವಲಕ್ಕಿ ಚೀಲದಲ್ಲಿರಲಿ. ಪ್ಲಾಸ್ಟಿಕ್ ಬಾಟಲಿ, ಕವರ್ ಒಯ್ಯಬೇಡಿ. ಕೊಲ್ಲಿಯಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ 2019ರಿಂದ ಕಡಿವಾಣ ಹಾಕಿದ್ದಾರೆ, ಆದರೂ ಬಂಡೆಗಳ ಸಂದಿಯಲ್ಲಿ ತೇಲುವ ಕಸ ಕಣ್ಣಿಗೆ ಬಿದ್ದು ನೋವಾಗುತ್ತದೆ.

ಕೊನೆಯದಾಗಿ ದಿನಗಳ ಹೊಂದಾಣಿಕೆ. ಹಡಗಿನ ರಾತ್ರಿಯನ್ನು ಹನೋಯಿ ವಾಸದ ಆರಂಭಕ್ಕೇ ಇಟ್ಟುಕೊಳ್ಳಿ, ಮರಳುವ ವಿಮಾನದ ಹಿಂದಿನ ದಿನಕ್ಕಲ್ಲ. ಈಶಾನ್ಯದ ಗಾಳಿಯಿಂದಲೋ ಮಂಜಿನಿಂದಲೋ ಬಂದರು ಮುಚ್ಚಿದರೆ ಮುಂದಿನ ದಿನಕ್ಕೆ ಬದಲಿಸಿಕೊಳ್ಳಲು ಅವಕಾಶವಿರುತ್ತದೆ. ಬದಲಾಯಿಸಲೂ ಆಗದಿದ್ದರೆ ಹನೋಯಿಯಿಂದ ದಕ್ಷಿಣಕ್ಕೆ ನೂರು ಕಿಲೋಮೀಟರಿನಷ್ಟು ದೂರದ ನಿನ್ ಬಿನ್‌ಗೆ ಹೋಗಿ. ಅಲ್ಲಿನ ಚಾಂಗ್ ಆನ್ ಕೂಡ 2014ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಅದೇ ಬಗೆಯ ಸುಣ್ಣಕಲ್ಲಿನ ಬೆಟ್ಟಗಳು, ಒಳನಾಡಿನ ಶಾಂತ ನೀರು. ನಾಲ್ವರಿಗೆ ಒಂದು ದೋಣಿ, ಹುಟ್ಟು ಹಾಕುವವರು ಒಂದರ ನಂತರ ಒಂದು ಗುಹೆಯ ಒಳಗಿನಿಂದಲೇ ದಾಟಿಸುತ್ತಾರೆ. ಕೆಲವೆಡೆ ತಲೆ ಬಗ್ಗಿಸಬೇಕಾಗುತ್ತದೆ, ಮೊಣಕಾಲಿಗೆ ಮಾತ್ರ ಹೆಚ್ಚಿನ ಕೆಲಸವಿಲ್ಲ.