ರಾತ್ರಿ ಉರಿಯುವ ಬಲ್ಬ್ ಬ್ರೇಕ್ ಒತ್ತಿದಾಗ ಯಾಕೆ ಹತ್ತಲ್ಲ?

ಪ್ರಶ್ನೆ: ನನ್ನ ಕಾಂಪ್ಯಾಕ್ಟ್ ಎಸ್‌ಯುವಿಯಲ್ಲಿ ಎಡಗಡೆ ಬ್ರೇಕ್ ಲೈಟ್ ಹತ್ತುತ್ತಿಲ್ಲ. ರಾತ್ರಿ ಅದೇ ಲೈಟ್ ಚೆನ್ನಾಗಿ ಉರಿಯುತ್ತೆ. ಬಲ್ಬ್ ಸರಿಯಿದೆ ಅಂದ್ಮೇಲೆ ವೈರಿಂಗ್ ಹೋಗಿದೆಯಾ?

ಉತ್ತರ: ಬಲ್ಬ್ ಸರಿಯಿಲ್ಲ. ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ, ಇನ್ನೊಮ್ಮೆ ಹೇಳುತ್ತೇನೆ. ಹೆಚ್ಚಿನ ಗಾಡಿಗಳಲ್ಲಿ ಆ ಜಾಗದಲ್ಲಿರುವುದು ಪಿ21/5ಡಬ್ಲ್ಯೂ ಬಲ್ಬ್. ಗಾಜು ಒಂದೇ, ಒಳಗಿನ ತಂತಿ ಎರಡು. 5 ವ್ಯಾಟ್‌ನದು ರಾತ್ರಿಯ ಲೈಟಿಗೆ, 21 ವ್ಯಾಟ್‌ನದು ಬ್ರೇಕಿಗೆ. ಒಂದು ತುಂಡಾದರೂ ಇನ್ನೊಂದು ತನ್ನ ಪಾಡಿಗೆ ಉರಿಯುತ್ತಿರುತ್ತದೆ. ಬಲ್ಬ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ, ದಪ್ಪ ತಂತಿ ನಡುವೆ ಕಡಿದು ನೇತಾಡುತ್ತಿರುವುದು ಕಣ್ಣಿಗೇ ಕಾಣುತ್ತದೆ. ಗಾಜಿನ ಒಳಗೆ ಕಪ್ಪು ಮಸಿಯೂ ಹಿಡಿದಿರಬಹುದು.

ಇನ್ನೂ ನಂಬಿಕೆ ಬರದಿದ್ದರೆ ಬಲಗಡೆ ನೋಡಿ. ಅಲ್ಲಿ ಬ್ರೇಕ್ ಲೈಟ್ ಹತ್ತುತ್ತಿದೆ ಅಲ್ವಾ? ಪೆಡಲ್ ಮೇಲಿನ ಸ್ವಿಚ್ ಎರಡೂ ಕಡೆಗೆ ಒಂದೇ. ಅದು ಕೆಟ್ಟಿದ್ದರೆ ಎರಡೂ ಆರುತ್ತಿದ್ದವು. ಬಲ್ಬ್ ಬಿಚ್ಚಿ ನೋಡದೆ ವೈರಿಂಗ್‌ಗೆ ಕೈ ಹಾಕಿಸಬೇಡಿ, ಸುಮ್ನೆ ದುಡ್ಡು ದಂಡ. ಹೊಸ ಬಲ್ಬ್ ಹಾಕಿದರೂ ಹತ್ತದಿದ್ದರೆ ಆಗ ಹೋಲ್ಡರಿನ ತುಕ್ಕು ನೋಡೋಣ.

ಬದಲಿಸುವುದು ಸುಲಭ. ಡಿಕ್ಕಿ ತೆಗೆಯಿರಿ, ಟೇಲ್ ಲ್ಯಾಂಪಿನ ಪಕ್ಕದ ಸ್ಕ್ರೂ ಬಿಚ್ಚಿ, ಲ್ಯಾಂಪನ್ನು ನೇರ ಹಿಂದಕ್ಕೆ ಎಳೆಯಿರಿ. ಹೋಲ್ಡರ್ ತಿರುಗಿಸಿ ತೆಗೆದು, ಬಲ್ಬನ್ನು ಒಳಕ್ಕೆ ಒತ್ತಿ ಎಡಕ್ಕೆ ತಿರುಗಿಸಿದರೆ ಹೊರಬರುತ್ತದೆ. ಹೊಸದರ ಬುಡದಲ್ಲಿ ಎರಡು ಪಿನ್ ಇವೆ, ಒಂದು ಮೇಲೆ, ಒಂದು ಸ್ವಲ್ಪ ಕೆಳಗೆ. ತಪ್ಪಾಗಿ ಕೂರಬಾರದು ಅಂತಲೇ ಹಾಗೆ ಮಾಡಿದ್ದಾರೆ. ಕೂರದಿದ್ದರೆ ಅರ್ಧ ಸುತ್ತು ತಿರುಗಿಸಿ ಹಾಕಿ, ಜಬರ್ದಸ್ತಿ ಬೇಡ. ಪೂರ್ತಿ ಎಲ್ಇಡಿ ಟೇಲ್ ಲ್ಯಾಂಪ್ ಇದ್ದರೆ ಮಾತ್ರ ಬೇರೆ ಕಥೆ, ಅಲ್ಲಿ ಬಲ್ಬೇ ಇರುವುದಿಲ್ಲ.

ಪರೀಕ್ಷೆಗೆ ಯಾರನ್ನೂ ಕರೆಯಬೇಕಿಲ್ಲ. ಕತ್ತಲಾದ ಮೇಲೆ ಗಾಡಿಯ ಹಿಂಭಾಗ ಗೋಡೆಗೆ ಹತ್ತಿರ ನಿಲ್ಲಿಸಿ, ಲೈಟ್ ಹಾಕಿ ಬ್ರೇಕ್ ಒತ್ತಿ. ಕನ್ನಡಿಯಲ್ಲಿ ನೋಡಿದರೆ ಎರಡೂ ಕಡೆ ಕೆಂಪು ಜಾಸ್ತಿ ಆಗಬೇಕು.

ಹಾಗೆಯೇ ಹಿಂದಿನ ಗಾಜಿನ ಹತ್ತಿರದ ಮೂರನೇ ಲೈಟನ್ನೂ ನೋಡಿಬಿಡಿ. ಅದು ಅಲಂಕಾರಕ್ಕಲ್ಲ. 1974ರಲ್ಲಿ ಜಾನ್ ವೊಯೆವೊಡ್ಸ್ಕಿ ಎಂಬ ಮನಶ್ಶಾಸ್ತ್ರಜ್ಞ ಸ್ಯಾನ್ ಫ್ರಾನ್ಸಿಸ್ಕೋದ ಟ್ಯಾಕ್ಸಿಗಳಿಗೆ ಇಂಥದ್ದೊಂದು ಲೈಟ್ ಹಾಕಿಸಿ ನೋಡಿದರು. ಹಿಂದಿನಿಂದ ಗುದ್ದುವ ಅಪಘಾತ ಸುಮಾರು 60 ಪರ್ಸೆಂಟ್ ಕಡಿಮೆಯಾಯಿತು. 1986ರ ಮಾಡೆಲ್‌ಗಳಿಂದ ಅಮೆರಿಕದ ಕಾರುಗಳಿಗೆ ಅದು ಕಡ್ಡಾಯವಾಯಿತು.