ಷೇಕ್ಸ್‌ಪಿಯರನ ಮಗಳಿಗೆ ಸಹಿ ಹಾಕಲು ಬರುತ್ತಿರಲಿಲ್ಲವೇ?

ಪ್ರಶ್ನೆ: ಷೇಕ್ಸ್‌ಪಿಯರನ ಅಪ್ಪ, ಅಮ್ಮ, ಮಗಳು ಎಲ್ಲರೂ ಹೆಬ್ಬೆಟ್ಟಿನವರಾಗಿದ್ದರಂತೆ. ಇದು ನಿಜವೇ? ನಿಜವಾದರೆ, ಅಂಥ ಮನೆಯವನು ಅಷ್ಟೊಂದು ನಾಟಕಗಳನ್ನು ಬರೆದನೆಂದು ನಂಬುವುದು ಹೇಗೆ?

ಉತ್ತರ: ಹೆಬ್ಬೆಟ್ಟು ಒತ್ತುವ ಪದ್ಧತಿ ಆಗಿನ ಇಂಗ್ಲೆಂಡಿನಲ್ಲಿ ಇರಲಿಲ್ಲ. ಹೆಸರು ಬರೆಯದವರು ಲೇಖನಿ ಹಿಡಿದು ಒಂದು ಗುರುತು ಹಾಕುತ್ತಿದ್ದರು, ಪಕ್ಕದಲ್ಲಿ ಗುಮಾಸ್ತ ಅವರ ಹೆಸರು ಬರೆಯುತ್ತಿದ್ದ. ಷೇಕ್ಸ್‌ಪಿಯರನ ಅಪ್ಪ, ಅಮ್ಮ, ಕಿರಿಯ ಮಗಳು ಮೂವರೂ ಹೀಗೆ ಗುರುತು ಹಾಕಿದ ಪತ್ರಗಳು ಉಳಿದಿವೆ. ಅಷ್ಟು ನಿಜ. ಆದರೆ ಆ ಗುರುತನ್ನು ಕಂಡೊಡನೆ ‘ನಿರಕ್ಷರಕುಕ್ಷಿ’ ಎಂದು ತೀರ್ಪು ಕೊಡುವುದು ಅವಸರವಾದೀತು.

ಮೊದಲು ಮಗಳ ಪತ್ರವನ್ನೇ ನೋಡೋಣ. 1611ರ ಡಿಸೆಂಬರಿನಲ್ಲಿ ಸ್ಟ್ರ್ಯಾಟ್‌ಫರ್ಡ್ ಊರಿನ ಎಲಿಜಬೆತ್ ಕ್ವೈನಿ ಎಂಬ ವಿಧವೆಯೂ ಆಕೆಯ ಮಗನೂ ಸೇರಿ ಒಂದು ಮನೆಯನ್ನು 131 ಪೌಂಡಿಗೆ ಮಾರಿದರು. ಕ್ರಯಪತ್ರಕ್ಕೆ ಸಾಕ್ಷಿ ನಿಂತವರಲ್ಲಿ 26ರ ಹರೆಯದ ಜೂಡಿತ್ ಷೇಕ್ಸ್‌ಪಿಯರ್ ಒಬ್ಬಳು. ಆಕೆ ಹಾಕಿದ್ದು ಸುರುಳಿ ಸುತ್ತಿದ ಒಂದು ಗೆರೆ. ಅಷ್ಟು ಹೊತ್ತಿಗೆ ಅವಳ ತಂದೆ ‘ಹ್ಯಾಮ್ಲೆಟ್’ ಬರೆದು ಹತ್ತು ವರ್ಷವಾಗಿತ್ತು. ಮನೆ ಮಾರಿದ ಎಲಿಜಬೆತ್ ಕೂಡ ಹಾಕಿದ್ದು ಗುರುತನ್ನೇ. 1616ರಲ್ಲಿ ಜೂಡಿತ್ ಅದೇ ಮನೆತನಕ್ಕೆ ಸೊಸೆಯಾಗಿ ಹೋದಳು.

ಇಲ್ಲಿ ನಾವು ಮರೆಯುವ ಒಂದು ಸಂಗತಿಯಿದೆ. ನಮ್ಮ ಮಕ್ಕಳು ಅಕ್ಷರವನ್ನು ಓದಲು ಕಲಿಯುವ ದಿನವೇ ಅದನ್ನು ತಿದ್ದಲೂ ಕಲಿಯುತ್ತಾರೆ. ಆ ಕಾಲದ ಇಂಗ್ಲೆಂಡಿನಲ್ಲಿ ಹಾಗಿರಲಿಲ್ಲ. ಮಗುವಿನ ಕೈಗೆ ಮೊದಲು ಬರುತ್ತಿದ್ದುದು ಹಾರ್ನ್‌ಬುಕ್. ಅದು ಹಿಡಿಯಿರುವ ಒಂದು ಪುಟ್ಟ ಮರದ ಹಲಗೆ. ಅದರ ಮೇಲೆ ವರ್ಣಮಾಲೆ ಮತ್ತು ಕ್ರೈಸ್ತ ಪ್ರಾರ್ಥನೆ ಇರುವ ಹಾಳೆ, ಹಾಳೆ ಕೊಳೆಯಾಗದಂತೆ ಆಚೆ ಕಾಣುವಷ್ಟು ತೆಳುವಾಗಿ ಸೀಳಿದ ಕೊಂಬಿನ ಹೊದಿಕೆ. ಅದನ್ನು ನೋಡಿ ಓದುವುದಷ್ಟೇ ಮೊದಲ ಪಾಠ. ಬರವಣಿಗೆ ಬೇರೆಯದೇ ಕಸುಬು: ಹೆಬ್ಬಾತಿನ ಗರಿಯನ್ನು ಚಾಕುವಿನಿಂದ ಕೊರೆದು ಮೊನೆ ಮಾಡಬೇಕು, ಶಾಯಿ ಬೇಕು, ದುಬಾರಿ ಕಾಗದ ಬೇಕು, ಕಲಿಸುವವನಿಗೆ ಎಷ್ಟೋ ಕಡೆ ಬೇರೆ ಶುಲ್ಕವನ್ನೂ ತೆರಬೇಕು. ಆ ಹಂತ ತಲುಪುವ ಮೊದಲೇ ಬಹಳಷ್ಟು ಹೆಣ್ಣುಮಕ್ಕಳು, ಬಡ ಹುಡುಗರು ಶಾಲೆ ಬಿಟ್ಟು ಕೆಲಸಕ್ಕೆ ಸೇರಿರುತ್ತಿದ್ದರು. ಹೀಗಾಗಿ ಓದಬಲ್ಲ, ಆದರೆ ಬರೆಯಲಾರದ ಜನ ಸಾಕಷ್ಟಿದ್ದರು.

ಇದಕ್ಕೆ ಕಾನೂನಿನಲ್ಲೇ ಒಂದು ಸಾಕ್ಷಿಯಿದೆ. 1543ರಲ್ಲಿ ಎಂಟನೇ ಹೆನ್ರಿಯ ಸರ್ಕಾರ ಕೆಳವರ್ಗದ ಹೆಂಗಸರು, ಕೂಲಿಗಳು, ಕಸುಬು ಕಲಿಯುವ ಹುಡುಗರು ಇಂಗ್ಲಿಷ್ ಬೈಬಲ್ ಓದಕೂಡದೆಂದು ನಿಷೇಧ ಹೇರಿತ್ತು. ಓದಲು ಬಾರದವರಿಗೆ ಓದಬೇಡಿರೆಂದು ಯಾವ ಸರ್ಕಾರ ಕಾನೂನು ಮಾಡುತ್ತದೆ? ಇತಿಹಾಸಕಾರ ಡೇವಿಡ್ ಕ್ರೆಸ್ಸಿ ಸಹಿಗಳನ್ನು ಎಣಿಸಿ, 1640ರ ದಶಕದಲ್ಲಿ ನೂರಕ್ಕೆ ಸುಮಾರು 30 ಗಂಡಸರು, ಸುಮಾರು 10 ಹೆಂಗಸರು ಹೆಸರು ಬರೆಯಬಲ್ಲವರಾಗಿದ್ದರೆಂದು ಲೆಕ್ಕ ಕೊಟ್ಟರು. ಆ ಲೆಕ್ಕ ಬರೆಯುವವರದು. ಓದುವವರು ಅದಕ್ಕಿಂತ ಹೆಚ್ಚಿದ್ದಿರಬೇಕು.

ಇನ್ನು ಅಪ್ಪ ಜಾನ್. ಚರ್ಮದ ಕೈಗವಸು ಹೊಲಿಯುವವನು. ಅವನ ಗುರುತು ಕೆಲವೊಮ್ಮೆ ಶಿಲುಬೆಯಂಥ ಎರಡು ಗೆರೆ, ಕೆಲವೊಮ್ಮೆ ತನ್ನ ಕಸುಬಿನ ಕೈವಾರದ ಚಿತ್ರ. ಇದೇ ಮನುಷ್ಯ ಪುರಸಭೆಯ ಹಣಕಾಸಿನ ಹೊಣೆ ಹೊತ್ತು, 1568ರಲ್ಲಿ ಊರಿನ ಬೇಲಿಫ್, ಅಂದರೆ ಮೇಯರಿಗೆ ಸಮನಾದ ಹುದ್ದೆಗೆ ಏರಿದ್ದ. ಅವನ ಜೊತೆಗಿದ್ದ ಸದಸ್ಯರಲ್ಲಿ ಹೆಚ್ಚಿನವರು ಗುರುತು ಹಾಕುವವರೇ. ಅವರಲ್ಲಿ ಏಡ್ರಿಯನ್ ಕ್ವೈನಿ ಎಂಬ ವರ್ತಕನನ್ನು ಗಮನಿಸಬೇಕು. ಕಡತಗಳಲ್ಲಿ ಅವನದೂ ಗುರುತೇ. ಆದರೆ ಮಗನಿಗೆ ಅವನು ಬರೆದ ಪತ್ರಗಳು ಇಂದಿಗೂ ಉಳಿದಿವೆ! ಬರೆಯಬಲ್ಲವನೂ ಗುರುತು ಹಾಕುತ್ತಿದ್ದ ಎಂದಾಯಿತು. ಜಾನ್ ಬರೆಯಬಲ್ಲವನಾಗಿದ್ದ ಎಂದು ಇದರಿಂದ ಸಿದ್ಧವಾಗುವುದಿಲ್ಲ. ಗುರುತೊಂದನ್ನೇ ಹಿಡಿದು ವಾದ ಮಾಡಲಾಗದು ಎಂಬುದಷ್ಟೇ ಸಿದ್ಧವಾಗುತ್ತದೆ. ‘ಆರನೇ ಹೆನ್ರಿ’ ಎರಡನೇ ಭಾಗದಲ್ಲಿ ಬಂಡಾಯಗಾರ ಜ್ಯಾಕ್ ಕೇಡ್ ಸಿಕ್ಕಿಬಿದ್ದ ಗುಮಾಸ್ತನನ್ನು ಕೇಳುತ್ತಾನೆ: ನೀನು ಹೆಸರು ಬರೆಯುತ್ತೀಯೋ, ಇಲ್ಲ ಪ್ರಾಮಾಣಿಕ ಮನುಷ್ಯನ ಹಾಗೆ ಗುರುತು ಹಾಕುತ್ತೀಯೋ? ಹೆಸರು ಬರೆಯುತ್ತೇನೆಂದ ಬಡಪಾಯಿಯನ್ನು ನೇಣಿಗೆ ಒಯ್ಯುತ್ತಾರೆ. ಗುರುತು ಹಾಕುವ ಅಪ್ಪನ ಮಗ ಬರೆದ ದೃಶ್ಯವಿದು ಎಂದು ನೆನೆದರೆ ನಗೆ ಬರುತ್ತದೆ.

ಹಿರಿಯ ಮಗಳು ಸುಸಾನಾಳ ಕಥೆ ಬೇರೆ. ಆಕೆ 1639ರಲ್ಲೂ 1647ರಲ್ಲೂ ಪತ್ರಗಳಿಗೆ ಹೆಸರು ಬರೆದೇ ಸಹಿ ಹಾಕಿದ್ದಾಳೆ. ಗಂಡ ಜಾನ್ ಹಾಲ್ ವೈದ್ಯ. ರೋಗಿಗಳ ವಿವರವನ್ನು ಲ್ಯಾಟಿನ್‌ನಲ್ಲಿ ಬರೆದಿಡುತ್ತಿದ್ದ. ಅವನು ತೀರಿಕೊಂಡ ಮೇಲೆ, ಅಂತರ್ಯುದ್ಧದ ಕಾಲದಲ್ಲಿ ಜೇಮ್ಸ್ ಕುಕ್ ಎಂಬ ಶಸ್ತ್ರವೈದ್ಯ ಪುಸ್ತಕ ನೋಡಲು ಅವರ ಮನೆಗೆ ಬಂದ. ಬೇರೊಬ್ಬ ವೈದ್ಯ ಹಣಕ್ಕಾಗಿ ತನ್ನ ಗಂಡನ ಬಳಿ ಬಿಟ್ಟುಹೋದ ಪುಸ್ತಕಗಳಿವು ಎಂದು ಸುಸಾನಾ ಕೆಲವನ್ನು ತಂದಿಟ್ಟಳು. ಅವುಗಳ ನಡುವೆ ಹಾಲ್‌ನ ಹಸ್ತಪ್ರತಿಗಳೇ ಇರುವುದನ್ನು ಕಂಡ ಕುಕ್, ಇದು ನಿಮ್ಮ ಯಜಮಾನರ ಕೈಬರಹ ಎಂದ. ಅಲ್ಲವೇ ಅಲ್ಲ ಎಂದಳು ಆಕೆ. ಅವನು ಮತ್ತೆ ಹೇಳಿದ, ಆಕೆ ಸಿಡುಕತೊಡಗಿದಳು. ಕೊನೆಗೆ ಅವನು ಸುಮ್ಮನೆ ದುಡ್ಡು ಕೊಟ್ಟು ಕೊಂಡುಹೋದ, 1657ರಲ್ಲಿ ಇಂಗ್ಲಿಷಿಗೆ ತಿರುಗಿಸಿ ಅಚ್ಚು ಹಾಕಿಸಿದ. ಗಂಡನ ಕೈಬರಹವನ್ನೇ ಗುರುತಿಸದವಳಿಗೆ ಓದು ಬರುತ್ತಿತ್ತೇ ಎಂದು ಕೆಲವರು ಇದನ್ನೆತ್ತಿ ಆಡುತ್ತಾರೆ. ಲ್ಯಾಟಿನ್ ಬಾರದಿದ್ದಿರಬಹುದು. ಮೊದಲು ಆಡಿದ ಮಾತಿನಿಂದ ಹಿಂದೆ ಸರಿಯಲು ಮನಸ್ಸಿಲ್ಲದಿದ್ದಿರಲೂಬಹುದು. ವ್ಯಾಪಾರಕ್ಕೆ ಕೂತವರು ಮಾತು ಬದಲಿಸದಿರುವುದು ಎಲ್ಲೂ ಹೊಸತಲ್ಲ. ಹೆಂಗಸರಲ್ಲಿ ಅಪರೂಪದ ಜಾಣ್ಮೆ ಆಕೆಯದೆಂದು 1649ರ ಅವಳ ಸಮಾಧಿಯ ಮೇಲೆ ಬರೆದಿದೆ.

ಹೆಂಡತಿ ಆನ್ ಹ್ಯಾಥವೇಯ ಸಹಿಯೂ ಇಲ್ಲ, ಗುರುತೂ ಇಲ್ಲ. ಆದರೆ ಹೆರೆಫರ್ಡ್ ಕೆಥೆಡ್ರಲ್ಲಿನ ಹಳೆಯ ಪುಸ್ತಕವೊಂದರ ರಟ್ಟಿನೊಳಗೆ ಸಿಕ್ಕ ಚೂರುಪಾರು ಪತ್ರವೊಂದು ‘ಮಿಸೆಸ್ ಷೇಕ್ಸ್‌ಪಿಯರ್’ ಅವರನ್ನು ಉದ್ದೇಶಿಸಿದೆ. ಅದು ಆನ್‌ಗೇ ಬರೆದದ್ದಿರಬಹುದು ಎಂದು ವಿದ್ವಾಂಸ ಮ್ಯಾಥ್ಯೂ ಸ್ಟೆಗಲ್ 2025ರಲ್ಲಿ ವಾದ ಮುಂದಿಟ್ಟರು. ವಾದ ಗಟ್ಟಿಯಾಗಿ ನಿಂತರೆ ಆಕೆಯ ಬಗ್ಗೆ ಹೊಸದಾಗಿ ಯೋಚಿಸಬೇಕಾಗುತ್ತದೆ.

ಇನ್ನುಳಿದದ್ದು ನಿಮ್ಮ ಎರಡನೆಯ ಪ್ರಶ್ನೆ. ಸ್ಟ್ರ್ಯಾಟ್‌ಫರ್ಡ್‌ನ ಗ್ರಾಮರ್ ಶಾಲೆಯಲ್ಲಿ ಊರಿನ ಗಂಡುಮಕ್ಕಳಿಗೆ ಉಚಿತವಾಗಿ ಲ್ಯಾಟಿನ್ ಕಲಿಸುತ್ತಿದ್ದರು. ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಜೂಡಿತ್‌ಳ ಸುರುಳಿಗೆರೆಗೂ ಅವಳ ತಂದೆಯ ಬರವಣಿಗೆಗೂ ನಡುವೆ ಇದ್ದ ಅಂತರಕ್ಕೆ ಆ ಶಾಲೆಯ ಬಾಗಿಲು ಬಹುಮಟ್ಟಿಗೆ ಕಾರಣ. ಷೇಕ್ಸ್‌ಪಿಯರನ ತಮ್ಮ ಗಿಲ್ಬರ್ಟ್ ನಾಟಕಕಾರನೂ ಅಲ್ಲ, ಕವಿಯೂ ಅಲ್ಲ, ಬಟ್ಟೆಬರೆಯ ಸಣ್ಣ ಸಾಮಾನು ಮಾರುತ್ತಿದ್ದವನು. ಗುರುತು ಹಾಕುವ ಅದೇ ತಂದೆತಾಯಿಯ ಮಗ. 1610ರ ಗುತ್ತಿಗೆ ಪತ್ರವೊಂದರಲ್ಲಿ ಅವನ ಸಹಿಯಿದೆ, ಇಟಾಲಿಯನ್ ಶೈಲಿಯ ದುಂಡನೆಯ ಅಕ್ಷರದಲ್ಲಿ. ಅಣ್ಣನ ಆರು ಸಹಿಗಳಿಗಿಂತ ಅದೇ ಅಂದವಾಗಿದೆ.