ಟಿಡಿಎಸ್ ಮೀಟರ್ ಹಿಡಿದು ಸಾಫ್ಟ್‌ನರ್‌ಗೆ ಬೈಯಬೇಡಿ

ಹೊಸ ಸಾಫ್ಟ್‌ನರ್ ಹಾಕಿಸಿದವರಿಂದ ಸ್ವಲ್ಪ ದಿನಕ್ಕೇ ಫೋನ್ ಬರುತ್ತದೆ. ‘ಬೋರ್ ನೀರಿನ ಟಿಡಿಎಸ್ 900 ಇತ್ತು. ಮಷಿನ್ ಹಾಕಿದ ಮೇಲೂ ಹೆಚ್ಚುಕಡಿಮೆ ಅಷ್ಟೇ ಇದೆ. ಮೋಸ ಅಲ್ವಾ ಸಾರ್?’

ಮೋಸ ಅಲ್ಲ. ಮಷಿನ್ ಸರಿಯಾಗೇ ಇದೆ. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಒಟ್ಟು ಲವಣಗಳ ಲೆಕ್ಕ. ಸಾಫ್ಟ್‌ನರ್ ನೀರಿನ ಲವಣವನ್ನು ತೆಗೆಯುವುದಿಲ್ಲ, ಬದಲಾಯಿಸುತ್ತದೆ. ಒಳಗಿನ ರೆಸಿನ್ ಮಣಿಗಳು ಗಡಸುತನ ತರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಸೋಡಿಯಂ ಬಿಡುತ್ತವೆ. 40 ಗ್ರಾಂ ಕ್ಯಾಲ್ಸಿಯಂ ಹೋದ ಜಾಗಕ್ಕೆ 46 ಗ್ರಾಂ ಸೋಡಿಯಂ ಬರುತ್ತದೆ. ಟಿಡಿಎಸ್ ಇಳಿಯುವುದಾದರೂ ಹೇಗೆ? ಗಡಸುತನ ನೋಡಲು ಹಾರ್ಡ್‌ನೆಸ್ ಕಿಟ್ ಬೇಕು. ಅದಿಲ್ಲದಿದ್ದರೆ ಬಾಟಲಿಗೆ ಅರ್ಧ ನೀರು, ಚೂರು ಸೋಪಿನ ತುರಿ ಹಾಕಿ ಕುಲುಕಿ. ನೊರೆ ಚೆನ್ನಾಗಿ ನಿಂತರೆ ನೀರು ಮೆದುವಾಗಿದೆ. ಡಿಟರ್ಜೆಂಟ್ ಬೇಡ, ಅದು ಗಡಸು ನೀರಲ್ಲೂ ನೊರೆ ಬಿಡುತ್ತದೆ.

ಮೆದು ನೀರೆಂದರೆ ಲವಣವಿಲ್ಲದ ನೀರು ಎಂದುಕೊಂಡು ಕೆಲವರು ಅದನ್ನು ನೇರವಾಗಿ ಇನ್ವರ್ಟರ್ ಬ್ಯಾಟರಿಗೆ ಸುರಿಯುತ್ತಾರೆ. ದಯವಿಟ್ಟು ಬೇಡ. ಅದರಲ್ಲಿ ಕ್ಲೋರೈಡ್ ಹಾಗೇ ಉಳಿದಿರುತ್ತದೆ. ಭಟ್ಟಿ ಇಳಿಸಲೇಬೇಕು.

‘ಹಾಗಾದ್ರೆ ಸಾಫ್ಟ್‌ನರ್ ಯಾಕೆ?’ ಎಂದು ಕೇಳುತ್ತಾರೆ. ಡಿಸ್ಟಿಲ್ಲರ್, ಅಂದರೆ ಭಟ್ಟಿ ಇಳಿಸುವ ಪಾತ್ರೆ, ಉಳಿಸಿಕೊಳ್ಳಲು. ಗಡಸುತನ ಹಬೆಯ ಜೊತೆ ಮೇಲೇರುವುದಿಲ್ಲ, ಪಾತ್ರೆಯಲ್ಲೇ ಸುಣ್ಣದ ಪೊರೆಯಾಗಿ ಕೂರುತ್ತದೆ. ಪೊರೆ ದಪ್ಪವಾದರೆ ಕಾಯಿಲ್‌ನ ಶಾಖ ನೀರಿಗೆ ಇಳಿಯದೆ ಕಾಯಿಲ್ಲೇ ಸುಟ್ಟುಹೋಗುತ್ತದೆ. ಸೋಡಿಯಂ ಲವಣಗಳು ಹಾಗಲ್ಲ, ಕರಗಿಯೇ ಇರುತ್ತವೆ. ತಳದ ನೀರು ಚೆಲ್ಲಿದರೆ ಹೋಗುತ್ತವೆ.

ಸಾಫ್ಟ್‌ನರ್ ಇಲ್ಲದವರು ಮೊದಲು ನೀರನ್ನು ಬೇರೆ ಪಾತ್ರೆಯಲ್ಲಿ ಕುದಿಸಿ, ಆರಿಸಿ, ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಬಹುದು. ಬೈಕಾರ್ಬೊನೇಟ್‌ನಿಂದ ಬಂದ ಗಡಸುತನ ಬಹುಪಾಲು ಕಡಿಮೆಯಾಗುತ್ತದೆ. ಸಲ್ಫೇಟ್, ಕ್ಲೋರೈಡ್‌ನದು ಹೋಗುವುದಿಲ್ಲ. ಅದಕ್ಕೆ ವಾಷಿಂಗ್ ಸೋಡಾ. ಲೀಟರಿಗೆ 500 ಮಿಲಿಗ್ರಾಂ ಗಡಸುತನವಿದ್ದರೆ 10 ಲೀಟರಿಗೆ ಹರಳು ಸೋಡಾ ಸುಮಾರು 14 ಗ್ರಾಂ, ನೀರಿನಂಶವಿಲ್ಲದ ಪುಡಿಯಾದರೆ 5 ಗ್ರಾಂ ಚಿಲ್ಲರೆ. ಮೆಗ್ನೀಸಿಯಂ ಜಾಸ್ತಿ ಇರುವ ನೀರಲ್ಲಿ ಇದು ಪೂರ್ತಿ ಕೆಲಸ ಮಾಡದು. ಅಡುಗೆ ಸೋಡಾ ಇದಕ್ಕೆ ಬದಲಿಯಲ್ಲ. ಸೋಡಾ ಹಾಕಿದ ನೀರನ್ನು ಕುಡಿಯಬೇಡಿ.

ಒಂದು ತೊಂದರೆ ಮಾತ್ರ ಮೆದು ನೀರಿನಿಂದಲೇ ಬರುತ್ತದೆ. ಕೋಲಾರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಇನ್ವರ್ಟರ್‌ಗೆ ತಾವೇ ನೀರು ಭಟ್ಟಿ ಇಳಿಸುತ್ತಾರೆ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುವ ಮನುಷ್ಯ, ನನಗೆ ತುಂಬ ಇಷ್ಟ. ‘ನೋಡಪ್ಪಾ, ಇಳಿಸಿದ ನೀರಲ್ಲೂ 60 ಟಿಡಿಎಸ್!’ ಎಂದು ಗಾಬರಿಯಾಗಿದ್ದರು. ಹೋಗಿ ನೋಡಿದರೆ ಪಾತ್ರೆ ಕಂಠಪೂರ್ತಿ ತುಂಬಿ, ಜೋರಾಗಿ ಕುದಿಯುತ್ತಿತ್ತು. ಮೆದು ನೀರಿನ ಬೈಕಾರ್ಬೊನೇಟ್ ಕುದಿಯುತ್ತಾ ಸೋಡಿಯಂ ಕಾರ್ಬೊನೇಟ್ ಆಗುತ್ತದೆ. ಅಂಥ ನೀರು ಬತ್ತಿದಷ್ಟೂ ನೊರೆ ಏಳುತ್ತದೆ. ನೊರೆ ಹಬೆಯ ಕೊಳವೆಗೆ ನುಗ್ಗಿದರೆ ಲವಣವೂ ಜೊತೆಗೇ ಹೋಗುತ್ತದೆ. ‘ಮೇಷ್ಟ್ರೇ, ಅರ್ಧ ಪಾತ್ರೆ ಸಾಕು, ಉರಿ ಸಣ್ಣಗಿರಲಿ, ತಳ ಬತ್ತುವ ಮೊದಲೇ ನಿಲ್ಲಿಸಿ’ ಎಂದೆ. ಮುಂದಿನ ಸಲ ರೀಡಿಂಗ್ ಒಂದಂಕಿಗೆ ಇಳಿಯಿತು.

ಆದರೂ ಟಿಡಿಎಸ್ ಕಡಿಮೆ ಎಂದ ಮಾತ್ರಕ್ಕೆ ಬ್ಯಾಟರಿಗೆ ಹೊಂದುತ್ತದೆ ಎಂದು ನಾನು ಭರವಸೆ ಕೊಡಲಾರೆ. ತಾಮ್ರದ ಕೊಳವೆ, ತುಕ್ಕು ಹಿಡಿದ ಕಬ್ಬಿಣ ಎರಡೂ ಬೇಡ. ಅವುಗಳ ಅಂಶ ಚೂರು ಸೇರಿದರೂ ಬ್ಯಾಟರಿ ತಾನಾಗೇ ಚಾರ್ಜ್ ಕಳೆದುಕೊಳ್ಳುತ್ತದೆ. ಗಾಜು ಅಥವಾ ಸ್ಟೇನ್‌ಲೆಸ್ ಸ್ಟೀಲ್ ಇರಲಿ. ಕರೆಂಟಿನಲ್ಲಿ ಇಳಿಸಿದರೆ ಲೀಟರಿಗೆ ಮುಕ್ಕಾಲು ಯೂನಿಟ್ಟಿನಷ್ಟು ಬೇಕು. ವರ್ಷಕ್ಕೆ ಒಂದೆರಡು ಕ್ಯಾನ್ ಸಾಕಾಗುವವರು ಅಂಗಡಿಯಿಂದ ತಂದುಕೊಳ್ಳುವುದೇ ಸುಲಭ.